ಅಜ್ಜಿ ಮನೆಗೆ ಬರುವ ಮುನ್ನ



ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ಪುಷ್ಯ ಮಾಸದ ರಥೋತ್ಸವದ ಆಸುಪಾಸಿನಲ್ಲಿ, ಡಿಸೆಂಬರ್-ಜನವರಿಯ ಚಳಿಯಲ್ಲಿ, ದೊಡ್ಡಬಳ್ಳಾಪುರ ತಾಲ್ಲೂಕಿನ ಈ ಕ್ಷೇತ್ರಕ್ಕೆ ದೂರದೂರದಿಂದ ಎತ್ತುಗಳು ಬರುತ್ತವೆ. ಅಲ್ಲಿ ಒಂದು ಹೋರಿ ಹಗ್ಗ ಜಗ್ಗಿತೆಂದು ಇಟ್ಟುಕೊಳ್ಳಿ. ಪಕ್ಕದಲ್ಲಿದ್ದ ಅಜ್ಜಿ ಬಿದ್ದರು, ತೊಡೆಮೂಳೆಯ ಕತ್ತು ಮುರಿಯಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಮುರಿದ ಭಾಗ ತೆಗೆದು ಲೋಹದ ಗುಂಡು ಕೂಡಿಸಿದರು. ಇನ್ನು ಕೆಲವೇ ದಿನಗಳಲ್ಲಿ ಅಜ್ಜಿ ಊರಿಗೆ ಮರಳುತ್ತಾರೆ.

ಹಿರಿಯರೆಲ್ಲ ದುಡ್ಡು, ಔಷಧಿ, ಗಾಡಿ ಎಂದು ಓಡಾಡುತ್ತಿರುತ್ತಾರೆ. ಮನೆಯನ್ನು ಅಳೆದು ನೋಡುವವರು ಯಾರೂ ಇರುವುದಿಲ್ಲ. ಆ ಕೆಲಸ ನೀವು ಮಾಡಿ. ರೇಖಾಗಣಿತ ಓದಿದವರು ನೀವೇ ತಾನೆ!

ಮೊದಲು ಎತ್ತರದ ವಿಚಾರ. ಸೊಂಟದ ಕೀಲು ಬಟ್ಟಲೊಳಗೆ ತಿರುಗುವ ಗುಂಡಿನಂತೆ. ಚಾಪೆಯ ಮೇಲೆ ಕುಳಿತರೆ, ಕುಕ್ಕರುಗಾಲಿನಲ್ಲಿ ಕೂತರೆ, ತೊಡೆಗೂ ಮುಂಡಕ್ಕೂ ನಡುವಿನ ಕೋನ 90 ಡಿಗ್ರಿಗಿಂತ ಕಿರಿದಾಗುತ್ತದೆ. ಆಗ ಹೊಸ ಗುಂಡು ಬಟ್ಟಲಿನಿಂದ ಜಾರಿ ಹೊರಬರುವ ಅಪಾಯವುಂಟು. ಆದ್ದರಿಂದಲೇ ಮೊದಲ ಕೆಲವು ವಾರ ನೆಲದಲ್ಲಿ ಕೂರಬೇಡಿ, ಕಾಲ ಮೇಲೆ ಕಾಲು ಹಾಕಬೇಡಿ ಎಂದು ವೈದ್ಯರು ಹೇಳುವುದು. ಸರಳು, ತಿರುಪು ಹಾಕಿ ಮೂಳೆ ಜೋಡಿಸಿದ್ದರೆ ನಿಯಮ ಬೇರೆ; ಯಾವ ಶಸ್ತ್ರಚಿಕಿತ್ಸೆ ಎಂದು ಕೇಳಿ ಬರೆದುಕೊಳ್ಳಿ.

ಅಜ್ಜಿಯ ಮಂಡಿಯ ಹಿಂಭಾಗ ನೆಲದಿಂದ ಎಷ್ಟು ಎತ್ತರವೋ, ಮಂಚ, ಕುರ್ಚಿಗಳು ಅದಕ್ಕಿಂತ ಒಂದೆರಡು ಅಂಗುಲ ಹೆಚ್ಚಿರಲಿ. ಜೋಲು ಬಿದ್ದ ನವಾರಿನ ಮಂಚ ಬೇಡವೇ ಬೇಡ. ಮಂಚ ಎತ್ತರಿಸಲು ಬಿಡಿ ಇಟ್ಟಿಗೆಗಳನ್ನು ಪೇರಿಸಬೇಡಿ. ಬಡಗಿಯಿಂದ ಕಾಲು ಕೂರುವಷ್ಟು ಗುಳಿ ತೋಡಿದ ಮರದ ದಿಮ್ಮಿ ಮಾಡಿಸಿ. ಕುರ್ಚಿಗೆ ಕೈಗಳಿರಲಿ, ಏಳುವಾಗ ತೋಳಿನ ಬಲವೂ ಒದಗುತ್ತದೆ.

ಕಷ್ಟವಿರುವುದು ಬಚ್ಚಲಲ್ಲಿ. ಚಿತ್ರೀಕರಣಕ್ಕೆ ಹೋದ ಮನೆಗಳಲ್ಲಿ ಕ್ಯಾಮರಾದ ಮುಕ್ಕಾಲಿ ಒಳಗೆ ಹಿಡಿಸುತ್ತದೆಯೇ ಎಂದು ಬಾಗಿಲು ನೋಡುವುದು ನಮ್ಮ ಅಭ್ಯಾಸ. ಬಚ್ಚಲ ಬಾಗಿಲೇ ಎಲ್ಲಕ್ಕಿಂತ ಕಿರಿದು! ವಾಕರ್ ಸಾಮಾನ್ಯವಾಗಿ 2 ಅಡಿಯ ಆಸುಪಾಸು ಅಗಲವಿರುತ್ತದೆ. ಒಳಗೆ ಹೋಗದಿದ್ದರೆ, ಹಿತ್ತಿಲಲ್ಲಿ ಕುಕ್ಕರು ಕೂರುವ ಶೌಚಾಲಯ ಮಾತ್ರ ಇದ್ದರೆ, ಮಂಚದ ಬಳಿಯೇ ಕಮೋಡ್ ಕುರ್ಚಿ ಇಡಿ. ನಾಚಿಕೆಗೆ ಒಂದು ಪರದೆ ಸಾಕು. ರಾತ್ರಿ ನೀರು ಕುಡಿದರೆ ಏಳಬೇಕಾದೀತೆಂದು ಬಾಯಾರಿಕೆ ತಡೆದುಕೊಳ್ಳುವ ಅಜ್ಜಿಯರು ಬಹಳ. ಕುರ್ಚಿ ಹತ್ತಿರವಿದ್ದರೆ ಧೈರ್ಯವಾಗಿ ಕುಡಿಯುತ್ತಾರೆ.

ಚಪ್ಪಡಿಗಲ್ಲಿನ ಮೇಲಿನ ಪಾಚಿ, ಸೋಪಿನ ಜಿಡ್ಡು ಘರ್ಷಣೆಯನ್ನು ಕಳೆಯುತ್ತವೆ. ಉಜ್ಜಿ ತೊಳೆದು ಒಣಗಿಸಿ. ಕಾಲೊರೆಸಲು ಹಾಸಿದ ಗೋಣಿತಾಟು ವಾಕರಿಗೆ ತೊಡರುತ್ತದೆ, ತೆಗೆದುಬಿಡಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 6,84,000 ಮಂದಿ ಬಿದ್ದ ಪೆಟ್ಟಿನಿಂದ ಸಾಯುತ್ತಾರೆ. ಅವರಲ್ಲಿ 60 ವರ್ಷ ದಾಟಿದವರೇ ಹೆಚ್ಚು. ಒಮ್ಮೆ ಬಿದ್ದವರು ಮತ್ತೆ ಬೀಳದಂತೆ ನೋಡಿಕೊಳ್ಳುವುದಕ್ಕೇ ಇಷ್ಟೆಲ್ಲ ಸಿದ್ಧತೆ.

ಜಗಲಿಯ ಮೆಟ್ಟಿಲು 6 ಅಂಗುಲವೆನ್ನಿ. ಇಳಿಜಾರಿಗೆ ಒಪ್ಪಿತ ಪ್ರಮಾಣ 1ಕ್ಕೆ 12. ಅಂದರೆ 6 ಅಡಿ ಉದ್ದದ ಇಳಿಜಾರು ಬೇಕು. ಗಿಡ್ಡ ಹಲಗೆಯೊಂದನ್ನು ಓರೆಯಾಗಿ ಇಡುವುದು ಮೆಟ್ಟಿಲಿಗಿಂತ ಅಪಾಯ. ಹೊಸ್ತಿಲಿಗೆ ಅರಿಶಿನ-ಕುಂಕುಮ ಹಚ್ಚುವ ಮನೆಯಲ್ಲಿ ಅದನ್ನು ಕೀಳುವ ಮಾತು ಆಡಬೇಕಾಗಿಲ್ಲ. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಇದನ್ನು ಆಸ್ಪತ್ರೆಯಲ್ಲೇ ಅಭ್ಯಾಸ ಮಾಡಿಸುತ್ತಾರೆ, ನೀವೂ ನಿಂತು ನೋಡಿ ಕಲಿಯಿರಿ.

ಕೈಗೆಟಕುವಂತೆ ಒಂದು ಗಂಟೆ ಇಡಿ. ದೊಡ್ಡಬಳ್ಳಾಪುರ ಪೇಟೆಯ ಮಗ್ಗದ ಮನೆಗಳಲ್ಲಂತೂ ಆ ಸದ್ದಿನಲ್ಲಿ ಅಜ್ಜಿಯ ಕೂಗು ಕೇಳುವುದಿಲ್ಲ. ಅಲ್ಲಿ ಕರೆಗಂಟೆಯ ಗುಂಡಿಯನ್ನೇ ಮಂಚಕ್ಕೆ ಕಟ್ಟಬೇಕು. ಬಚ್ಚಲ ದಾರಿಯಲ್ಲಿ ರಾತ್ರಿಯಿಡೀ ಸಣ್ಣ ದೀಪ ಉರಿಯಲಿ.

ಊಟದ ವಿಷಯದಲ್ಲಿ 'ನಂಜು' ಎಂಬ ಮಾತು ಬಂದೇ ಬರುತ್ತದೆ. ಕಾಳು, ಮೊಟ್ಟೆ ಗಾಯಕ್ಕೆ ಆಗದೆಂದು ದೂರವಿಡುವ ಮನೆಗಳುಂಟು. ಗಾಯ ಕೂಡಲು ಬೇಕಾದದ್ದೇ ಪ್ರೋಟೀನು! ಜಾತ್ರೆಯ ಕಾಲವೆಂದರೆ ಅವರೆಕಾಯಿಯ ಕಾಲ. ವೈದ್ಯರು ಬೇಡವೆನ್ನದಿದ್ದರೆ ರಾಗಿಮುದ್ದೆಗೆ ಅವರೆಕಾಳಿನ ಸಾರು ಬಡಿಸಿ.

ಮೀನಖಂಡ ಊದಿ ನೋಯುತ್ತಿದೆಯೇ ಎಂದು ದಿನವೂ ನೋಡಿ, ರಕ್ತ ಹೆಪ್ಪುಗಟ್ಟಿರಬಹುದು. ಆಗ ಕಾಲು ತಿಕ್ಕಬೇಡಿ, ಎಣ್ಣೆ ನೀವಬೇಡಿ, ಅಂದೇ ವೈದ್ಯರಿಗೆ ತೋರಿಸಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿ. ಆ ಅಂಕಿಯನ್ನೂ ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಯ ದೂರವಾಣಿ ಸಂಖ್ಯೆಯನ್ನೂ ಮಂಚದ ತಲೆಭಾಗದ ಗೋಡೆಗೆ ದಪ್ಪಕ್ಷರದಲ್ಲಿ ಬರೆದು ಅಂಟಿಸಿ.