ಅಮೇರಿಕದ ರಾಜ್ಯಘಟನೆಯ ಮೂಲವಿಚಾರ

(ಶ್ರೀಮಠದ ಮಹೋತ್ಸವದ ವಿದ್ವತ್ಸಭೆಯಲ್ಲಿ ಮಾಡಿದ ಉಪನ್ಯಾಸ)



ಪಾಠಶಾಲೆಯಲ್ಲಿ ವ್ಯಾಕರಣವನ್ನೂ ತರ್ಕವನ್ನೂ ಓದಿ, ಆಯುಷ್ಯದ ಬಹುಭಾಗವನ್ನು ಶ್ರೀಮಠದ ಓಲೆಗರಿಗಳ ನಡುವೆ ಕಳೆದ ನನ್ನಂಥವನು, ಹಿರಿಯರು ಪಾತಾಳಲೋಕವೆಂದು ಕರೆಯುತ್ತಿದ್ದ ಅಮೇರಿಕ ದೇಶದ ರಾಜ್ಯವ್ಯವಸ್ಥೆಯನ್ನು ಕುರಿತು ಮಾತಾಡುವದು ಕೆಲವರಿಗೆ ಸೋಜಿಗವಾದೀತು. ಇದಕ್ಕೆ ಕಾರಣನಾದವನು ನಮ್ಮ ಪ್ರಸಾದನಿಲಯದ ಒಬ್ಬ ವಿದ್ಯಾರ್ಥಿ. ಒಂದು ದಿನ ಸಂಜೆಯ ಪಾಠವು ಮುಗಿದ ಬಳಿಕ ಅವನು, “ಶಾಸ್ತ್ರಿಗಳೇ, ಸಂವಿಧಾನವೆಂದರೆ ಬರೆದಿಟ್ಟ ಕಾಗದವಷ್ಟೆ. ಕೈಯಲ್ಲಿ ದಂಡೂ ಬೊಕ್ಕಸವೂ ಇದ್ದವನನ್ನು ಒಂದು ಕಾಗದವು ಹೇಗೆ ಕಟ್ಟಿಹಾಕೀತು?” ಎಂದು ಕೇಳಿದನು. ನನಗೆ ಆ ಹೊತ್ತಿಗೆ ಉತ್ತರವು ಹೊಳೆಯಲಿಲ್ಲ. ನಮ್ಮ ಹಿರಿಯರು ರಾಜ್ಯಘಟನೆಯೆಂದು ಕರೆದ ಈ ವಸ್ತುವನ್ನು ಇಡೀ ರಾಷ್ಟ್ರವೊಂದಕ್ಕೆ ಬರೆದುಕೊಂಡು, ಅದನ್ನು ಇಂದಿನವರೆಗೂ ನಡೆಯಿಸಿಕೊಂಡು ಬಂದವರಲ್ಲಿ ಅಮೇರಿಕದವರು ಮೊದಲಿಗರಾದ್ದರಿಂದ, ಉತ್ತರವನ್ನು ಅವರ ಚರಿತ್ರೆಯಲ್ಲಿಯೇ ಹುಡುಕಹೊರಟೆನು. ಸಿಕ್ಕಷ್ಟನ್ನು ತಮ್ಮ ಮುಂದೆ ಇಡುತ್ತೇನೆ.

1620ನೆಯ ಇಸವಿಯ ನವೆಂಬರ ತಿಂಗಳಲ್ಲಿ ‘ಮೇಫ್ಲವರ್’ ಎಂಬ ಹಡಗು ಸುಮಾರು ನೂರು ಮಂದಿ ಇಂಗ್ಲಿಷ್ ಪ್ರಯಾಣಿಕರನ್ನು ಹೊತ್ತು ಅಮೇರಿಕದ ಉತ್ತರದ ಕರಾವಳಿಯನ್ನು ಸೇರಿತು. ಅವರಲ್ಲಿ ಹಲವರು ತಮ್ಮ ಮತದ ಆಚರಣೆಯ ಸಲುವಾಗಿ ತಾಯ್ನಾಡನ್ನು ತೊರೆದವರು. ಉಳಿದವರು ಹೊಟ್ಟೆಯ ಪಾಡಿಗಾಗಿ ಬಂದವರು. ಅವರಿಗೆ ಸನದು ದೊರೆತಿದ್ದದ್ದು ಬೇರೊಂದು ಪ್ರದೇಶಕ್ಕೆ. ಹಡಗು ಮುಟ್ಟಿದ್ದು ಅದರ ಮೇರೆಯ ಹೊರಗೆ. ಆದ್ದರಿಂದ ‘ಇಲ್ಲಿ ನಮ್ಮನ್ನು ಆಳುವ ಹಕ್ಕು ಯಾರಿಗೂ ಇಲ್ಲ’ ಎಂಬ ಮಾತು ಕೆಲವರ ಬಾಯಿಂದ ಹೊರಟಿತು. ಆಗ 41 ಮಂದಿ ಪುರುಷರು ದಡಕ್ಕೆ ಇಳಿಯುವದಕ್ಕೆ ಮುಂಚೆಯೇ ಹಡಗಿನಲ್ಲಿ ಒಂದು ಒಡಂಬಡಿಕೆಯನ್ನು ಬರೆದು ರುಜುಮಾಡಿದರು. ತಾವೆಲ್ಲರೂ ಕೂಡಿ ಒಂದು ಸಮಾಜವಾಗುವೆವೆಂದೂ, ಎಲ್ಲರ ಹಿತಕ್ಕಾಗಿ ನ್ಯಾಯವಾದ ಕಟ್ಟಳೆಗಳನ್ನು ಮಾಡಿಕೊಂಡು ಅವುಗಳಿಗೆ ತಲೆಬಾಗುವೆವೆಂದೂ ಅದರ ತಾತ್ಪರ್ಯ. ದೊರೆಯ ಹೆಸರು ಅದರಲ್ಲಿ ಇತ್ತು. ಆದರೆ ಕಟ್ಟು ಹುಟ್ಟಿದ್ದು ದೊರೆಯ ಅಪ್ಪಣೆಯಿಂದಲ್ಲ, ಕೂಡಿದವರ ಒಪ್ಪಿಗೆಯಿಂದ.

ಇದಕ್ಕೆ ಒಂದು ವರ್ಷ ಹಿಂದೆ, ಎಂದರೆ 1619ರ ಜುಲೈ ತಿಂಗಳಲ್ಲಿ, ದಕ್ಷಿಣದ ವರ್ಜೀನಿಯ ವಸಾಹತಿನ ಜೇಮ್ಸ್‌ಟೌನ್ ಎಂಬಲ್ಲಿ ಜನರು ಆರಿಸಿದ ಪ್ರತಿನಿಧಿಗಳ ಮೊದಲನೆಯ ಸಭೆಯು ಕೂಡಿತ್ತು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಅದೇ ವಸಾಹತಿಗೆ ಬಂದ ಒಂದು ಹಡಗು ಇಪ್ಪತ್ತಕ್ಕೆ ಮಿಕ್ಕಿದ ಆಫ್ರಿಕದ ಜನರನ್ನು ಸೆರೆಯಾಳುಗಳಾಗಿ ತಂದು, ದಿನಸಿಗಾಗಿ ವಿನಿಮಯ ಮಾಡಿಕೊಂಡು ಹೋಯಿತು. ಸ್ವಯಮಾಡಳಿತದ ಬೀಜವೂ ದಾಸ್ಯದ ಬೀಜವೂ ಒಂದೇ ವರ್ಷದಲ್ಲಿ ಒಂದೇ ನೆಲದಲ್ಲಿ ಬಿದ್ದವೆಂಬದನ್ನು ತಾವು ನೆನಪಿನಲ್ಲಿಡಬೇಕು; ಮುಂದಿನ ಚರಿತ್ರೆಯೆಲ್ಲವೂ ಇವೆರಡರ ಹೋರಾಟವೇ ಆಗಿರುವದು.

ಕಾಲಕ್ರಮದಲ್ಲಿ ವಸಾಹತುಗಳು ಹದಿಮೂರಾದವು, ಪ್ರತಿಯೊಂದರಲ್ಲಿಯೂ ಪ್ರತಿನಿಧಿಸಭೆಯಿದ್ದಿತು. 1765ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಕಾಗದಪತ್ರಗಳ ಮೇಲೆ ಸ್ಟಾಂಪಿನ ತೆರಿಗೆಯನ್ನು ಹೇರಲು, ‘ನಮ್ಮ ಪ್ರತಿನಿಧಿಗಳಿಲ್ಲದ ಸಭೆಯು ನಮ್ಮ ಮೇಲೆ ಕರವನ್ನು ಹೇರಲಾಗದು’ ಎಂದು ಜನರು ತಕರಾರೆತ್ತಿದರು. ಮರುವರ್ಷವೇ ಆ ತೆರಿಗೆಯು ರದ್ದಾದರೂ ಹಟವು ಹೋಗಲಿಲ್ಲ. 1773ರ ಡಿಸೆಂಬರದಲ್ಲಿ ಬಾಸ್ಟನ್ ಬಂದರದಲ್ಲಿ 342 ಪೆಟ್ಟಿಗೆ ಚಹವನ್ನು ಜನರು ಸಮುದ್ರಕ್ಕೆ ಎಸೆದರು. ಆ ಚಹವು ಈಸ್ಟ್ ಇಂಡಿಯಾ ಕಂಪನಿಯದು. ನಮ್ಮ ದೇಶವನ್ನು ನುಂಗುತ್ತಲಿದ್ದ ಕಂಪನಿಯೂ ಅದೇ. ಕೊನೆಗೆ 1776ರ ಜುಲೈ 4ರಂದು ಫಿಲಡೆಲ್ಫಿಯ ನಗರದಲ್ಲಿ ಕೂಡಿದ ಕಾಂಗ್ರೆಸ್ಸು, ಥಾಮಸ್ ಜೆಫರ್‌ಸನ್ ಎಂಬ ವಿದ್ವಾಂಸನು ಬರೆದ ಸ್ವಾತಂತ್ರ್ಯಘೋಷಣೆಯನ್ನು ಅಂಗೀಕರಿಸಿತು. ಮನುಷ್ಯರೆಲ್ಲರೂ ಸಮಾನರೆಂದೂ, ಸರಕಾರದ ಅಧಿಕಾರವು ನ್ಯಾಯವಾಗುವದು ಆಳಿಸಿಕೊಳ್ಳುವವರ ಒಪ್ಪಿಗೆಯಿಂದಲೇ ಎಂದೂ ಅದು ಸಾರಿತು.

ಯುದ್ಧವು ನಡೆಯಿತು. 1781ರ ಅಕ್ಟೋಬರದಲ್ಲಿ ಯಾರ್ಕ್‌ಟೌನ್ ಎಂಬಲ್ಲಿ ಇಂಗ್ಲಿಷ್ ಸೇನಾಪತಿಯಾದ ಕಾರ್ನ್‌ವಾಲಿಸನ ಸೈನ್ಯವು ಶರಣಾಗತವಾಯಿತು. ಈ ಕಾರ್ನ್‌ವಾಲಿಸನೇ 1786ರಲ್ಲಿ ಗವರ್ನರ್ ಜನರಲನಾಗಿ ನಮ್ಮ ದೇಶಕ್ಕೆ ಬಂದು, 1792ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿ ಟಿಪ್ಪು ಸುಲ್ತಾನನಿಂದ ಅರ್ಧರಾಜ್ಯವನ್ನು ಕಿತ್ತುಕೊಂಡವನು. ಅಲ್ಲಿ ಸೋತವನು ಇಲ್ಲಿ ಗೆದ್ದನು.

ಗೆದ್ದ ಅಮೇರಿಕದ ಸೇನಾಪತಿ ಜಾರ್ಜ್ ವಾಷಿಂಗ್‌ಟನ್ ಆಗ ಏನು ಮಾಡಿದನೆಂಬದು ವಿಚಾರಾರ್ಹವಾಗಿದೆ. ದಂಡು ಅವನ ಕೈಯಲ್ಲಿತ್ತು. ಸಂಬಳ ಬಾಕಿಯಿದ್ದ ಸೈನಿಕರು ಕಾಂಗ್ರೆಸ್ಸಿನ ಮೇಲೆ ಕೆರಳಿದ್ದರು. ಅವನು ಮನಸ್ಸುಮಾಡಿದ್ದರೆ ಅಧಿಕಾರವನ್ನು ತನ್ನ ಕೈಯಲ್ಲಿಯೇ ಉಳಿಸಿಕೊಳ್ಳಬಹುದಾಗಿತ್ತು. ಆದರೆ 1783ರ ಡಿಸೆಂಬರ 23ರಂದು ಅನ್ನಾಪೊಲಿಸ್ ನಗರದಲ್ಲಿ ಕಾಂಗ್ರೆಸ್ಸಿನ ಮುಂದೆ ನಿಂತು, ತನಗೆ ಕೊಟ್ಟಿದ್ದ ಅಧಿಕಾರಪತ್ರವನ್ನು ಹಿಂದಕ್ಕೆ ಒಪ್ಪಿಸಿ ಮನೆಗೆ ಹೋದನು. ತ್ಯಾಗದ ಮಹಿಮೆಯನ್ನು ಮಠದ ಭಕ್ತರಿಗೆ ನಾನು ವಿವರಿಸಬೇಕಾಗಿಲ್ಲ. ಆದರೆ ಒಂದು ಸಂದೇಹವು ಉಳಿಯುತ್ತದೆ: ಇಂಥವನು ಪ್ರತಿಯೊಂದು ತಲೆಮಾರಿನಲ್ಲಿಯೂ ಹುಟ್ಟುವನೇ? ಹುಟ್ಟದಿದ್ದರೆ ಗತಿಯೇನು?

ಸ್ವತಂತ್ರವಾದ ಹದಿಮೂರು ಸಂಸ್ಥಾನಗಳು 1781ರಲ್ಲಿ ಜಾರಿಗೆ ತಂದ ಮೊದಲನೆಯ ಕರಾರು ಬಹಳ ಸಡಿಲವಾಗಿತ್ತು. ದೊರೆಯ ಭಯದಿಂದ ಬಿಡುಗಡೆ ಹೊಂದಿದ ಜನರು ಯಾವ ಅಧಿಕಾರಕ್ಕೂ ಬಲಕೊಡಲು ಅಂಜಿದರು. ಕಾಂಗ್ರೆಸ್ಸಿಗೆ ಕರವನ್ನು ಎತ್ತುವ ಹಕ್ಕು ಇರಲಿಲ್ಲ. ಕರಾರನ್ನು ತಿದ್ದಬೇಕಾದರೆ ಹದಿಮೂರೂ ಸಂಸ್ಥಾನಗಳು ಒಪ್ಪಬೇಕಾಗಿತ್ತು. ಸಾಲವು ಬೆಳೆಯಿತು. 1786ರಲ್ಲಿ ಮ್ಯಾಸಚುಸೆಟ್ಸ್ ಸಂಸ್ಥಾನದ ರೈತರು ಸಾಲದ ಮತ್ತು ತೆರಿಗೆಯ ಭಾರವನ್ನು ತಾಳಲಾರದೆ ದಂಗೆಯೆದ್ದು ನ್ಯಾಯಾಲಯಗಳನ್ನು ತಡೆದರು. ಬಿಗಿಯಾದರೆ ಉಸಿರು ಕಟ್ಟುತ್ತದೆ. ಸಡಿಲಾದರೆ ಹೊರೆಯೇ ಬಿಚ್ಚಿಹೋಗುತ್ತದೆ. ಕಟ್ಟು ಎಷ್ಟು ಬಿಗಿಯಿರಬೇಕೆಂಬದೇ ರಾಜ್ಯಶಾಸ್ತ್ರದ ಪ್ರಶ್ನೆ.

ಈ ಪ್ರಶ್ನೆಯನ್ನು ಬಿಡಿಸುವದಕ್ಕಾಗಿ 1787ರ ಮೇ 25ರಿಂದ ಸೆಪ್ಟೆಂಬರ 17ರವರೆಗೆ ಫಿಲಡೆಲ್ಫಿಯದಲ್ಲಿ ಒಂದು ಸಭೆಯು ನಡೆಯಿತು. ವಾಷಿಂಗ್‌ಟನ್ನನೇ ಅಧ್ಯಕ್ಷನು. ಹನ್ನೆರಡು ಸಂಸ್ಥಾನಗಳಿಂದ ಬಂದವರು 55 ಮಂದಿ. ಕೊನೆಗೆ ರುಜುಮಾಡಿದವರು 39 ಮಂದಿ. ಜೇಮ್ಸ್ ಮ್ಯಾಡಿಸನ್ ಎಂಬ ತರುಣನು ದಿನದಿನದ ಚರ್ಚೆಯನ್ನು ಬರೆದಿಟ್ಟನು. ಜನಸಂಖ್ಯೆಯಂತೆ ಸ್ಥಾನಗಳಿರಬೇಕೆಂದು ದೊಡ್ಡ ಸಂಸ್ಥಾನಗಳೂ, ಎಲ್ಲರಿಗೂ ಸಮನಾಗಿರಬೇಕೆಂದು ಚಿಕ್ಕ ಸಂಸ್ಥಾನಗಳೂ ಹಟಹಿಡಿದವು. ಕಡೆಗೆ ಒಂದು ಸಭೆಯಲ್ಲಿ ಜನಸಂಖ್ಯೆಯಂತೆ, ಇನ್ನೊಂದರಲ್ಲಿ ಸಂಸ್ಥಾನಕ್ಕೆ ಇಬ್ಬರಂತೆ ಎಂದು ಸಂಧಾನವಾಯಿತು.

ಆದರೆ ಆ ಘಟನೆಯ ಹೃದಯವಿರುವದು ಅಧಿಕಾರದ ವಿಭಾಗದಲ್ಲಿ. ಕಾಯದೆಯನ್ನು ಮಾಡುವವರು ಒಬ್ಬರು, ನಡೆಯಿಸುವವರು ಇನ್ನೊಬ್ಬರು, ನ್ಯಾಯವನ್ನು ಹೇಳುವವರು ಮತ್ತೊಬ್ಬರು. ರಾಷ್ಟ್ರಾಧ್ಯಕ್ಷನು ದಂಡಿನ ನಾಯಕನಹುದು. ಆದರೆ ಯುದ್ಧವನ್ನು ಸಾರುವ ಹಕ್ಕೂ ಬೊಕ್ಕಸದ ಕೀಲಿಯೂ ಕಾಂಗ್ರೆಸ್ಸಿನವು. ಕಾಂಗ್ರೆಸ್ಸು ಮಾಡಿದ ಕಾಯದೆಯನ್ನು ಅಧ್ಯಕ್ಷನು ಹಿಂದಿರುಗಿಸಬಹುದು. ಎರಡೂ ಸಭೆಗಳಲ್ಲಿ ಮೂರರಲ್ಲಿ ಎರಡು ಪಾಲು ಮಂದಿ ಮತ್ತೆ ಒಪ್ಪಿದರೆ ಅವನನ್ನು ಮೀರಿಯೂ ಅದು ನಿಲ್ಲುತ್ತದೆ. ನ್ಯಾಯಾಧೀಶರನ್ನು ಅಧ್ಯಕ್ಷನು ಸೂಚಿಸಿದರೆ ಸೆನೆಟ್ ಸಭೆಯು ಒಪ್ಪಬೇಕು. ಒಮ್ಮೆ ನೇಮಕವಾದವರ ಸಂಬಳವನ್ನು ಯಾರೂ ಇಳಿಸಲಾಗದು. ತಪ್ಪುಮಾಡಿದ ಅಧ್ಯಕ್ಷನ ಮೇಲೆ ಒಂದು ಸಭೆಯು ಆರೋಪ ಹೊರಿಸಿದರೆ ಇನ್ನೊಂದು ಸಭೆಯು ವಿಚಾರಣೆ ಮಾಡುವದು.

ಮೊನ್ನೆಯ ರಥೋತ್ಸವವನ್ನು ತಾವೆಲ್ಲರೂ ಕಂಡಿರಿ. ಹಗ್ಗವನ್ನು ಹಿಡಿದು ಎಳೆಯುವವರು ಸಾವಿರಾರು ಮಂದಿ. ಆದರೆ ಗಾಲಿಯ ಬಳಿಯಲ್ಲಿ ಬಾಗಿ ನಡೆಯುತ್ತ, ಸಮಯಕ್ಕೆ ಮರದ ತುಂಡನ್ನು ಅಡ್ಡಕೊಡುವ ಕೆಲವರು ಇಲ್ಲದಿದ್ದರೆ ತೇರು ಜನರ ಮೇಲೆಯೇ ಹರಿದೀತು. ಅವರು ತೇರಿನ ವೈರಿಗಳಲ್ಲ. ತೇರು ನೆಲೆಗೆ ಸೇರುವದು ಅವರಿಂದಲೇ. ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರದ ಮೊದಲನೆಯ ಭಾಗವು ಇದು: ಕಾಗದವು ಯಾರನ್ನೂ ಕಟ್ಟಿಹಾಕುವದಿಲ್ಲ. ಕಟ್ಟಿಹಾಕುವವರು ಮನುಷ್ಯರೇ. ಯಾರು ಎಲ್ಲಿ ನಿಂತು ಯಾವ ಗಾಲಿಯನ್ನು ತಡೆಯಬೇಕೆಂಬದನ್ನು ಮುಂಚಿತವಾಗಿ ಗೊತ್ತುಮಾಡುವದೇ ಕಾಗದದ ಕೆಲಸ. ಸತ್ಪುರುಷನು ಇದ್ದಾಗ ಅದು ಹೆಚ್ಚೆನಿಸಬಹುದು. ಇಲ್ಲದಾಗ ಅದೇ ರಕ್ಷೆ.

ಈ ಘಟನೆಯನ್ನು ಸಂಸ್ಥಾನಗಳ ಜನರ ಮುಂದೆ ಇಟ್ಟಾಗ ಊರೂರಿಗೆ ವಾದವೆದ್ದಿತು. ಒಂಬತ್ತು ಸಂಸ್ಥಾನಗಳು ಒಪ್ಪಿದರೆ ಜಾರಿಗೆ ಬರಬೇಕೆಂಬ ನಿಯಮವಿದ್ದು, 1788ರ ಜೂನ್ ತಿಂಗಳಲ್ಲಿ ಅದು ನೆರವೇರಿತು. ‘ಜನರ ಹಕ್ಕುಗಳನ್ನು ಏಕೆ ಬರೆದಿಲ್ಲ?’ ಎಂದು ವಿರೋಧಿಗಳು ಕೇಳಿದ ಪ್ರಶ್ನೆಯು ವ್ಯರ್ಥವಾಗಲಿಲ್ಲ. 1791ರ ಡಿಸೆಂಬರದಲ್ಲಿ ಹತ್ತು ತಿದ್ದುಪಡಿಗಳು ಸೇರಿದವು. ಅವುಗಳಲ್ಲಿ ಮೊದಲನೆಯದು ಮಠದವರಾದ ನಾವು ಗಮನಿಸತಕ್ಕದ್ದು: ಕಾಂಗ್ರೆಸ್ಸು ಯಾವ ಮತವನ್ನೂ ರಾಜ್ಯದ ಮತವಾಗಿ ಸ್ಥಾಪಿಸಲಾಗದು, ಯಾರ ಮತಾಚರಣೆಯನ್ನೂ ತಡೆಯಲಾಗದು. ಇದು ಧರ್ಮದ ದ್ವೇಷದಿಂದ ಹುಟ್ಟಿದ ನಿಯಮವಲ್ಲ. ಅರಮನೆಯ ಆಸರೆಯಿಂದ ನಿಂತ ಭಕ್ತಿಯು ಅರಮನೆಯೊಡನೆ ಬೀಳುವದು. ಭಕ್ತರ ಹೃದಯದಲ್ಲಿ ನಿಂತದ್ದು ನಿಲ್ಲುವದು.

ಇನ್ನು ಕಳಂಕದ ಮಾತನ್ನು ಮುಚ್ಚಿಡಲಾಗದು. ಸಮಾನತೆಯನ್ನು ಸಾರಿದ ಜೆಫರ್‌ಸನ್ನನು ತನ್ನ ಜೀವಮಾನದಲ್ಲಿ ಆರುನೂರಕ್ಕೆ ಮಿಕ್ಕಿದ ದಾಸರ ಒಡೆಯನಾಗಿದ್ದನು. 1787ರ ಘಟನೆಯಲ್ಲಿ ದಾಸರೆಂಬ ಪದವೇ ಇಲ್ಲ. ಬರೆಯಲು ಕೈಗೆ ನಾಚಿಕೆಯಾಯಿತು, ನಡೆಯಿಸಲು ಮನಸ್ಸಿಗೆ ಆಗಲಿಲ್ಲ. ‘ಇತರ ವ್ಯಕ್ತಿಗಳು’ ಎಂದು ಮರೆಸಿ ಹೇಳಿ, ಪ್ರತಿನಿಧಿಗಳ ಲೆಕ್ಕಕ್ಕೆ ಅವರ ಸಂಖ್ಯೆಯ ಐದರಲ್ಲಿ ಮೂರು ಪಾಲನ್ನು ಹಿಡಿದರು. ದಾಸರ ಆಮದನ್ನು 1808ಕ್ಕೆ ಮುಂಚೆ ಕಾಂಗ್ರೆಸ್ಸು ನಿಷೇಧಿಸಲಾಗದೆಂದರು. ಓಡಿಹೋದವರನ್ನು ಒಡೆಯನಿಗೆ ಒಪ್ಪಿಸಬೇಕೆಂದರು. 1790ರ ಜನಗಣತಿಯಲ್ಲಿ ಸುಮಾರು 7 ಲಕ್ಷವಿದ್ದ ದಾಸರು 1860ಕ್ಕೆ ಸುಮಾರು 40 ಲಕ್ಷವಾದರು. ಆ ನೆಲದ ಮೂಲನಿವಾಸಿಗಳು ತಮ್ಮ ಭೂಮಿಯಿಂದ ದೂಡಲ್ಪಟ್ಟರು. ಸ್ತ್ರೀಯರ ಮಾತೇ ಏಳಲಿಲ್ಲ.

1838ರಲ್ಲಿ ದಾಸ್ಯದಿಂದ ತಪ್ಪಿಸಿಕೊಂಡ ಫ್ರೆಡರಿಕ್ ಡಗ್ಲಸ್ ಎಂಬ ಮಹಾನುಭಾವನು ಆ ಘಟನೆಯನ್ನು ಸುಟ್ಟುಹಾಕಿರೆಂದು ಹೇಳಬಹುದಾಗಿತ್ತು. ಹಾಗೆ ಹೇಳಿದ ಗೆಳೆಯರೂ ಅವನಿಗಿದ್ದರು. ಅವನು ಮಾತ್ರ ಬರೆದ ನುಡಿಯನ್ನೇ ಹಿಡಿದು, ‘ನೀವು ಸಾರಿದ್ದನ್ನು ನಡೆಯಿರಿ’ ಎಂದು ಒಡೆಯರನ್ನು ಕೇಳತೊಡಗಿದನು. 1861ರಿಂದ 1865ರವರೆಗಿನ ಅಂತರ್ಯುದ್ಧದಲ್ಲಿ ಆರು ಲಕ್ಷಕ್ಕೆ ಮಿಕ್ಕಿ ಸೈನಿಕರು ಸತ್ತ ಬಳಿಕ, 1865ರ ಹದಿಮೂರನೆಯ ತಿದ್ದುಪಡಿಯಿಂದ ದಾಸ್ಯವು ರದ್ದಾಯಿತು. 1868ರಲ್ಲಿ ಸಮಾನರಕ್ಷಣೆಯೂ, 1870ರಲ್ಲಿ ವರ್ಣಭೇದವಿಲ್ಲದ ಮತದ ಹಕ್ಕೂ, 1920ರಲ್ಲಿ ಸ್ತ್ರೀಯರ ಮತದ ಹಕ್ಕೂ ಬರೆಯಲ್ಪಟ್ಟವು. ಬರೆದದ್ದು ನಡೆಗೆ ಬರಲು ಮತ್ತೆ ತಡವಾಯಿತು. ಕರಿಯರ ಮತದ ಹಕ್ಕಿಗೆ ಬಲವಾದ ಕಾಯದೆಯಾದದ್ದು 1965ರಲ್ಲಿ. ಉತ್ತರದ ಎರಡನೆಯ ಭಾಗವು ಇಲ್ಲಿದೆ: ಬರೆದ ಒಳ್ಳೆಯ ನುಡಿಯು ತಾನಾಗಿ ಯಾರನ್ನೂ ಬಿಡುಗಡೆ ಮಾಡದು, ಆದರೆ ಬಿಡುಗಡೆಯನ್ನು ಕೇಳುವವನ ಕೈಗೆ ಅದು ಸಾಕ್ಷಿಪತ್ರವಾಗುವದು.

ನಮ್ಮ ದೇಶದವರು ತಮ್ಮ ಘಟನೆಯನ್ನು ರಚಿಸುವಾಗ ಈ ಅನುಭವವನ್ನು ವಿವೇಕದಿಂದ ನೋಡಿದರು. ಮಂಗಳೂರಿನಲ್ಲಿ ಜನಿಸಿದ ಬೆನಗಲ್ ನರಸಿಂಗರಾಯರು ಸಂವಿಧಾನಸಭೆಯ ಸಲಹೆಗಾರರಾಗಿ 1947ರಲ್ಲಿ ಅಮೇರಿಕಕ್ಕೆ ಹೋಗಿ, ಅಲ್ಲಿಯ ವರಿಷ್ಠ ನ್ಯಾಯಾಲಯದ ನ್ಯಾಯಾಧೀಶ ಫ್ರಾಂಕ್‌ಫರ್ಟರ್ ಮೊದಲಾದವರೊಡನೆ ಚರ್ಚಿಸಿ ಬಂದರು. ಮೂಲಭೂತ ಹಕ್ಕುಗಳನ್ನು ಬರೆದಿಡುವದನ್ನೂ, ಕಾಯದೆಯನ್ನು ನ್ಯಾಯಾಲಯವು ಪರೀಕ್ಷಿಸುವದನ್ನೂ ನಮ್ಮವರು ಕೈಕೊಂಡರು. ಎಲ್ಲವನ್ನೂ ಕುರುಡಾಗಿ ಕೈಕೊಳ್ಳಲಿಲ್ಲ.

ಶರಣಬಂಧುಗಳೇ, ಪರದೇಶದ ಕಳಂಕವನ್ನು ಎಣಿಸಿ ಸಮಾಧಾನಪಡುವದಕ್ಕಾಗಿ ನಾನು ಇದನ್ನು ಹೇಳಲಿಲ್ಲ. ಕುಲದಿಂದ ಮೇಲುಕೀಳಿಲ್ಲವೆಂದು ನಮ್ಮ ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ಸಾರಿದರು. ಜೆಫರ್‌ಸನ್ನನಿಗಿಂತ ಆರುನೂರು ವರ್ಷ ಹಿಂದಿನ ನುಡಿ ನಮ್ಮದು. ಆದರೂ ಇಂದಿಗೂ ಮನೆಗೆ ಬೀಗತನದ ಮಾತು ಬಂದಾಗ ನಾವು ಮೊದಲು ಕೇಳುವದು ಹುಡುಗನ ಗುಣವನ್ನೋ ಒಳಪಂಗಡವನ್ನೋ, ತಾವೇ ಎದೆಮುಟ್ಟಿಕೊಂಡು ಹೇಳಬೇಕು. ನಾನೂ ಕೇಳಿದವನೇ, ಆದ್ದರಿಂದ ಬೇರೆಯವರ ಮೇಲೆ ಬೆರಳು ತೋರಲಾರೆ. ನಮ್ಮ ಕೈಯಲ್ಲಿಯೂ ಒಂದು ಸಾಕ್ಷಿಪತ್ರವಿದೆ. ಅದನ್ನು ಹಿಡಿದು ನಾಳೆ ನಮ್ಮ ಮಕ್ಕಳು, ‘ನೀವು ಸಾರಿದ್ದನ್ನು ನಡೆದಿರಾ?’ ಎಂದು ಕೇಳುವರು.

ಆ ವಿದ್ಯಾರ್ಥಿಯು ಈ ಸಭೆಯಲ್ಲಿ ಹಿಂದೆ ಕುಳಿತಿದ್ದಾನೆ. ಅವನಿಗೆ ನನ್ನ ಉತ್ತರವು ಇಷ್ಟೆ: ಮಗುವೇ, ಕಾಗದವು ಕಟ್ಟುವದಿಲ್ಲ, ಅದನ್ನು ಓದಿ ನೆನಪಿಟ್ಟುಕೊಂಡು, ಹೆದರದೆ ಎತ್ತಿ ತೋರಿಸುವ ನಿನ್ನಂಥವರು ಕಟ್ಟುತ್ತಾರೆ. ಅಂಥ ಪ್ರಶ್ನೆಯನ್ನು ಕೇಳುವ ಧೈರ್ಯವನ್ನು ಮಕ್ಕಳಿಗೆ ಕೊಟ್ಟ ಈ ಪ್ರಸಾದನಿಲಯವು ಬಹುಕಾಲ ಬಾಳಲೆಂದು ಶ್ರೀ ಸನ್ನಿಧಿಯಲ್ಲಿ ಪ್ರಾರ್ಥಿಸಿ, ನನ್ನ ಅಲ್ಪಮಾತುಗಳನ್ನು ಮುಗಿಸುತ್ತೇನೆ.