ನಡ ಹಿಡಿದರೆ ಯಾರ ಹೊಣೆ?

(ಬೆಳ್ಳಿ ಹಬ್ಬದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತು)



ಸಂಘದ ಇಪ್ಪತ್ತೈದು ವರ್ಷದ ಸಾಲ, ಠೇವು, ಗೊಬ್ಬರದ ಲೆಕ್ಕವನ್ನು ಕಾರ್ಯದರ್ಶಿಗಳು ಈಗಷ್ಟೇ ಓದಿದರು. ಆ ವರದಿಯಲ್ಲಿ ಬಾರದ ಲೆಕ್ಕವೊಂದಿದೆ. ಅದು ಆ ಗೊಬ್ಬರ ಹೊತ್ತವರ ಲೆಕ್ಕ.

ಯೂರಿಯಾ ಚೀಲ ಮೊದಲು 50 ಕಿಲೋ ಇತ್ತು, 2018ರಿಂದ 45 ಕಿಲೋ ಆಗಿದೆ. ಲಾರಿ ಬಂದರೆ ನೂರಾರು ಚೀಲ ಬೆನ್ನ ಮೇಲೆಯೇ ಇಳಿಯಬೇಕು. ನಮ್ಮ ಗೋದಾಮಿನ ಹಮಾಲರೊಬ್ಬರಿಗೆ ಒಂದು ಸಲ ನಡ ಹಿಡಿಯಿತು. ಎರಡು ದಿನ ಮಲಗಿ ಎದ್ದು ಬಂದರು. ಮರುವರ್ಷ ಮತ್ತೆ ಹಿಡಿಯಿತು, ಎಣ್ಣೆ ತಿಕ್ಕಿಸಿಕೊಂಡು ಬಂದರು. ಮೂರನೇ ಸಲ ಚೀಲದ ಸಂಗಡ ಬಿದ್ದವರು ಮುಂದೆ ಭಾರ ಎತ್ತಲಿಲ್ಲ.

ಅವರು ಪರಿಹಾರ ಕೇಳಿದಾಗ ನಾವು ಮಂಡಳಿಯವರು, "ಅದು ನಿಂದು ಹಳೇ ಬ್ಯಾನಿ ಐತಿ, ಇಲ್ಲಿ ಆದದ್ದಲ್ಲ" ಅಂದೆವು. ಗುತ್ತಿಗೆದಾರನ ಆಳು, ನಮ್ಮವನಲ್ಲ ಎಂದೂ ವಾದಿಸಿದೆವು. ಮೊದಲೆರಡು ಸಲದ್ದು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ, ದವಾಖಾನಿ ಚೀಟಿಯೂ ಇರಲಿಲ್ಲ. "ಚೀಟಿ ಇಲ್ಲಂದ್ರ ನನ್ನ ನಡಾ ನೊಂದಿಲ್ಲೇನ್ರಿ?" ಎಂದು ಕೇಳಿದರು. ನಮ್ಮಲ್ಲಿ ಉತ್ತರ ಇರಲಿಲ್ಲ. ಅಷ್ಟಿಷ್ಟು ಕೈಗಿಟ್ಟು ಕಳಿಸಿದೆವು. ಹಕ್ಕಿನ ಹಣ ದಾನ ಕೊಟ್ಟ ಹಾಗಾಯಿತು.

ಆಮೇಲೆ ಬಾಗಲಕೋಟೆಯಲ್ಲಿ ವಕೀಲರನ್ನು ಕಂಡು ತಿಳಿದುಕೊಂಡೆವು. ಕಾರ್ಮಿಕರ ಪರಿಹಾರ ಕಾಯ್ದೆ 1923ರಲ್ಲೇ ಬಂದದ್ದು. 2025ರ ನವೆಂಬರ್ 21ರಿಂದ ಆ ವಿಷಯ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿದೆ. ಕೆಲಸದ ವೇಳೆಗೆ, ಕೆಲಸದ ಕಾರಣಕ್ಕೆ ಆದ ಪೆಟ್ಟಿಗೆ ಮಾಲಿಕ ಹೊಣೆ. ನಡುವೆ ಗುತ್ತಿಗೆದಾರ ಇದ್ದ ಮಾತ್ರಕ್ಕೆ ಕೆಲಸ ಮಾಡಿಸಿಕೊಂಡವರು ಪಾರಾಗುವುದಿಲ್ಲ. ಹಳೇ ನೋವಿದ್ದರೂ ಕೆಲಸದ ಭಾರದಿಂದ ಅದು ಬಲಿಯಿತೆಂದು ತೋರಿಸಿದರೆ ಪರಿಹಾರ ಕೇಳಬಹುದು. ಆದರೆ ತೋರಿಸಬೇಕು. ಮೂರು ದಿನದೊಳಗೆ ವಾಸಿಯಾದ ಪೆಟ್ಟಿಗೆ ಪರಿಹಾರವಿಲ್ಲ, ಅದಕ್ಕೇ ಅದನ್ನು ಯಾರೂ ಬರೆಯುವುದಿಲ್ಲ. ಮುಂದೆ ಜಗಳ ಹುಟ್ಟುವುದು ಅಲ್ಲಿಯೇ. ಅರ್ಜಿ ಹಾಕಲು ಎರಡು ವರ್ಷದ ಅವಧಿ.

1968ರಲ್ಲಿ ಒಡಿಶಾದ ಬಡಗಿಯೊಬ್ಬ ಕೆಲಸದಲ್ಲಿ ಬಿದ್ದು ಎಡಗೈ ಕಳೆದುಕೊಂಡ. ಅವನು ಗುತ್ತಿಗೆಯವನು, ತನ್ನ ತಪ್ಪಿನಿಂದಲೇ ಬಿದ್ದ ಎಂದು ಮಾಲಿಕ ವಾದಿಸಿದ. ಸುಪ್ರೀಂ ಕೋರ್ಟು 1975ರಲ್ಲಿ ಅದನ್ನು ಒಪ್ಪಲಿಲ್ಲ. ಒಂದೇ ಕೈಯಿಂದ ಬಡಗಿತನ ಆಗದು, ಆದ್ದರಿಂದ ದುಡಿಮೆ ಪೂರ್ತಿ ಹೋದಂತೆ. ಪೆಟ್ಟಾದ ದಿನದಿಂದಲೇ ಹಣ ಬಾಕಿ ಎಂದಿತು. ನಡ ಹೋದ ಹಮಾಲ ಮತ್ತೇನು ಹೊತ್ತಾನು, ನೀವೇ ಹೇಳಿರಿ.

ಬಾಂಧವರೆ, ಇದು ಸಂಘದ ಮಾತಷ್ಟೇ ಅಲ್ಲ. ನಮ್ಮ ಕಲಾದಗಿ ಸೀಮೆಯ ದಾಳಿಂಬೆ, ಚಿಕ್ಕು ತೋಟಗಳಲ್ಲಿ ನಾವೂ ಮಾಲಿಕರೇ. ಟ್ರ್ಯಾಕ್ಟರಿನಿಂದ, ಕರೆಂಟಿನ ಯಂತ್ರದಿಂದ ಒಕ್ಕಲುತನ ಮಾಡುವಲ್ಲಿ ದುಡಿಯುವ ಆಳನ್ನೂ ಕಾಯ್ದೆ ಲೆಕ್ಕಕ್ಕೆ ಹಿಡಿದಿದೆ. ಯಶಸ್ವಿನಿ ಕಾರ್ಡು ಐತಲ್ಲ ಎನ್ನಬೇಡಿರಿ. ಅದು ಉಪಚಾರದ ಖರ್ಚಿಗೆ, ಹೋದ ದುಡಿಮೆಗಲ್ಲ.

ಆದ್ದರಿಂದ ಗೋದಾಮಿನಲ್ಲಿ ಒಂದು ಪುಸ್ತಕ ಇಡೋಣ. ಒಂದು ದಿನದ ನೋವಾದರೂ ತಾರೀಖು, ವೇಳೆ, ಆಗ ಮಾಡುತ್ತಿದ್ದ ಕೆಲಸ, ಕಂಡವರ ಸಹಿ ಅದರಲ್ಲಿ ಬೀಳಲಿ. ಅದೇ ದಿನ ಸರಕಾರಿ ದವಾಖಾನಿಗೆ ಕಳಿಸಿ ಚೀಟಿ ಮಾಡಿಸೋಣ. ಒಂದು ನಕಲು ಹಮಾಲರ ಕೈಯಲ್ಲೇ ಇರಲಿ. ಸುಳ್ಳು ಅರ್ಜಿ ಬಂದರೆ ಸಂಘವನ್ನು ಕಾಯುವುದೂ ಅದೇ ಪುಸ್ತಕ.

ಆ ಹಮಾಲರು ಇವತ್ತು ಈ ಪೆಂಡಾಲಿನಲ್ಲೇ ಕುಂತಿದ್ದಾರೆ. ಪುಸ್ತಕದ ಠರಾವಿನ ಜೊತೆಗೆ ಅವರ ಬಾಕಿಯನ್ನೂ ಮಹಾಸಭೆಯ ಮುಂದೆ ಇಡುತ್ತೇವೆ. ಆಗ ತಾವೆಲ್ಲ ಕೈ ಎತ್ತಬೇಕೆಂದು ಕೇಳಿಕೊಂಡು ನಮ್ಮ ಎರಡು ಮಾತು ಮುಗಿಸುತ್ತೇವೆ.

ಜೈ ಸಹಕಾರ.