ಪಾಸ್‌ವರ್ಡ್ ಬದಲಾಯಿಸಿದ ಮೇಲೆ ಖಾತೆಯ ರಕ್ಷಣೆ

ಸಾಮಾಜಿಕ ಜಾಲತಾಣದ ತಮ್ಮ ಖಾತೆಯನ್ನು ಅಪರಿಚಿತರು ಪ್ರವೇಶಿಸಿದ್ದಾರೆಂದು ತಿಳಿದೊಡನೆ ಬಹುತೇಕ ಜನರು ಪಾಸ್‌ವರ್ಡ್ ಬದಲಾಯಿಸಿ ನಿಶ್ಚಿಂತರಾಗುತ್ತಾರೆ. ಅದು ಅವಶ್ಯವಾದ ಕ್ರಮವೇ ಹೌದು. ಆದರೆ ಬೀಗ ಬದಲಾದರೆ ಹೊರಗಿನವನು ಒಳಗೆ ಬರಲಾರನೇ ಹೊರತು, ಈಗಾಗಲೇ ಒಳಸೇರಿದವನು ತಾನಾಗಿಯೇ ಹೊರಬೀಳುವುದಿಲ್ಲ.

ಇದರ ಕಾರಣವನ್ನು ಅರಿಯಬೇಕು. ಖಾತೆದಾರರು ಒಮ್ಮೆ ಪಾಸ್‌ವರ್ಡ್ ನೀಡಿ ಪ್ರವೇಶಿಸಿದಾಗ, ಜಾಲತಾಣವು ಅವರ ಫೋನಿಗೆ ಅಥವಾ ಕಂಪ್ಯೂಟರಿಗೆ ‘ಟೋಕನ್’ ಎಂಬ ಗುರುತನ್ನು ನೀಡುತ್ತದೆ. ಪ್ರತಿ ಸಲವೂ ಪಾಸ್‌ವರ್ಡ್ ಕೇಳದೆ ಖಾತೆ ತೆರೆದುಕೊಳ್ಳುವುದು ಈ ಗುರುತಿನ ಬಲದಿಂದ. ಅದು ಅನ್ಯರ ಕೈಸೇರಿದರೆ ಅವರಿಗೆ ಪಾಸ್‌ವರ್ಡಿನ ಅಗತ್ಯವೇ ಇರುವುದಿಲ್ಲ. 2018ರ ಸೆಪ್ಟೆಂಬರಿನಲ್ಲಿ ಫೇಸ್‌ಬುಕ್ ಸಂಸ್ಥೆ ಪ್ರಕಟಪಡಿಸಿದ ಘಟನೆ ಇದಕ್ಕೆ ನಿದರ್ಶನ. ತಂತ್ರಾಂಶದ ದೋಷವೊಂದರ ಮೂಲಕ ಅಪಹೃತವಾದುದು ಸುಮಾರು 3 ಕೋಟಿ ಖಾತೆಗಳ ಟೋಕನ್‌ಗಳೇ ಹೊರತು ಪಾಸ್‌ವರ್ಡ್‌ಗಳಲ್ಲ. ಮುಂಜಾಗ್ರತೆಯಾಗಿ ಸುಮಾರು 9 ಕೋಟಿ ಬಳಕೆದಾರರು ಹೊಸದಾಗಿ ಪ್ರವೇಶಿಸುವಂತೆ ಸಂಸ್ಥೆಯು ಏರ್ಪಡಿಸಬೇಕಾಯಿತು.

ಹಾಗಾದರೆ ಮಾಡಬೇಕಾದುದೇನು? ಖಾತೆಯ ಸೆಟ್ಟಿಂಗ್ಸ್ ವಿಭಾಗದಲ್ಲಿ, ಖಾತೆ ಎಲ್ಲೆಲ್ಲಿ ತೆರೆದಿದೆ ಎಂಬ ಪಟ್ಟಿ ದೊರೆಯುತ್ತದೆ. ಅಲ್ಲಿಂದ ಎಲ್ಲ ಸಾಧನಗಳನ್ನೂ ಲಾಗ್‌ಔಟ್ ಮಾಡುವುದು ಮೊದಲ ಕೆಲಸ. ಹಿಂದೆ ಅನುಮತಿ ಪಡೆದ ಆಟಗಳು, ರಸಪ್ರಶ್ನೆಗಳು ಮುಂತಾದ ಆ್ಯಪ್‌ಗಳ ಪೈಕಿ ಬೇಡವಾದವುಗಳನ್ನು ತೆಗೆದುಹಾಕಬೇಕು. ವಾಟ್ಸಾಪ್‌ನಲ್ಲಿ ಜೋಡಿತ ಸಾಧನಗಳ ಪಟ್ಟಿಯನ್ನು ಪರಿಶೀಲಿಸಿ, ಆರು ಅಂಕಿಗಳ ಪಿನ್ ಇರಿಸಿಕೊಳ್ಳಬೇಕು.

ಎರಡನೆಯದಾಗಿ, ಖಾತೆಗೆ ಜೋಡಿಸಿರುವ ಇ-ಮೇಲ್ ವಿಳಾಸ ಹಾಗೂ ಮೊಬೈಲ್ ಸಂಖ್ಯೆಯನ್ನು ಗಮನಿಸಬೇಕು. ಮರೆತ ಪಾಸ್‌ವರ್ಡಿಗೆ ಬದಲಾಗಿ ಹೊಸದನ್ನು ಪಡೆಯುವುದು ಇವುಗಳ ಮೂಲಕವೇ. ಅಪಹರಣಕಾರನು ಇಲ್ಲಿ ತನ್ನ ವಿಳಾಸವನ್ನು ಸೇರಿಸಿದ್ದರೆ ಹೊಸ ಪಾಸ್‌ವರ್ಡ್ ಕೂಡ ಅವನ ವಶವಾದೀತು. ಇ-ಮೇಲ್ ಖಾತೆಯ ಪಾಸ್‌ವರ್ಡನ್ನೂ ಬದಲಾಯಿಸುವುದು ಕ್ಷೇಮಕರ. ಉದ್ಯೋಗನಿಮಿತ್ತ ಊರು ಬಿಟ್ಟು ಮುಂಬಯಿ, ಪುಣೆ, ದೆಹಲಿಗಳಲ್ಲಿ ನೆಲೆಸಿ ಹೊಸ ಸಂಖ್ಯೆ ಪಡೆದವರು ವಿಶೇಷ ಎಚ್ಚರ ವಹಿಸಬೇಕು. ಸ್ಥಗಿತಗೊಂಡ ಮೊಬೈಲ್ ಸಂಖ್ಯೆಯನ್ನು 90 ದಿನಗಳು ಕಳೆದ ಬಳಿಕ ಬೇರೆ ಗ್ರಾಹಕರಿಗೆ ನೀಡಬಹುದಾಗಿದೆ. ಹಳೆಯ ಸಂಖ್ಯೆ ಖಾತೆಯಲ್ಲಿಯೇ ಉಳಿದಿದ್ದರೆ ಒಟಿಪಿ ತಲುಪುವುದು ಆ ಹೊಸ ಗ್ರಾಹಕರಿಗೆ.

ಮೂರನೆಯದಾಗಿ, ಎರಡು ಹಂತದ ದೃಢೀಕರಣವನ್ನು ಅಳವಡಿಸಿಕೊಳ್ಳಬೇಕು. ಈ ಮೊದಲೇ ಅದು ಇದ್ದಲ್ಲಿ, ತುರ್ತು ಬಳಕೆಗಾಗಿ ನೀಡಲಾದ ಹಳೆಯ ಸಂಕೇತಗಳನ್ನು ರದ್ದುಪಡಿಸಿ ಹೊಸದನ್ನು ಪಡೆಯಬೇಕು.

ಖಾತೆಯ ಹೆಸರಿನಲ್ಲಿ ಬಂಧುಮಿತ್ರರಿಂದ ಹಣ ಕೇಳಿರುವ ಸಂಭವವಿರುವುದರಿಂದ ಅವರೆಲ್ಲರಿಗೂ ಬೇರೊಂದು ಮಾರ್ಗದಿಂದ ಸುದ್ದಿ ಮುಟ್ಟಿಸಬೇಕು. ಹಣ ಕಳೆದುಕೊಂಡವರು ತಡಮಾಡದೆ 1930 ಸಹಾಯವಾಣಿಗೆ ತಿಳಿಸಬೇಕು. ಸೈಬರ್ ಅಪರಾಧಗಳ ರಾಷ್ಟ್ರೀಯ ಪೋರ್ಟಲ್‌ನಲ್ಲಿಯೂ ದೂರು ನೀಡಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ 173ನೆಯ ಕಲಮಿನಂತೆ, ಅಪರಾಧ ನಡೆದ ಸ್ಥಳ ಯಾವುದೇ ಆಗಿರಲಿ, ತಾವಿರುವ ಊರಿನ ಪೊಲೀಸ್ ಠಾಣೆಯಲ್ಲಿಯೇ ಮಾಹಿತಿ ದಾಖಲಿಸಲು ಅವಕಾಶವಿದೆ. ಇತರರ ಪಾಸ್‌ವರ್ಡನ್ನು ವಂಚನೆಯಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ದ 66ಸಿ ಕಲಮಿನ ಮೇರೆಗೆ ಅಪರಾಧ. ಮೂರು ವರ್ಷಗಳವರೆಗೆ ಕಾರಾವಾಸ ಹಾಗೂ ಒಂದು ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದಾಗಿದೆ.

ಕಾನೂನಿನ ನೆರವು ನಷ್ಟವಾದ ನಂತರ ದೊರೆಯುವಂಥದು. ನಷ್ಟವನ್ನು ತಡೆಯುವ ಈ ಕೆಲವು ಕ್ರಮಗಳಿಗಾದರೋ ಅರ್ಧ ಗಂಟೆಯ ಬಿಡುವು ಸಾಕು. ಪಾಸ್‌ವರ್ಡ್ ಬದಲಾಯಿಸಿದ ದಿನವೇ ಇವೆಲ್ಲವನ್ನೂ ಪೂರೈಸುವುದು ಲೇಸು.